ಧೂಳಿನ ಕೆಂಪು, ದೂರದ ಕೆಂಪು



ನವಿಲುತೀರ್ಥದ ಅಣೆಕಟ್ಟಿನ ಬಳಿ ಬೇಸಿಗೆಯ ಸಂಜೆ ನಿಂತವರು ಕಂಡಿರುತ್ತಾರೆ: ನಡುಹಗಲು ಉರಿದ ಸೂರ್ಯ ಮುಳುಗುವ ಹೊತ್ತಿಗೆ ಮಂಕಾಗಿ, ಕೆಂಪು ತಟ್ಟೆಯಾಗಿ ಮಲಪ್ರಭೆಯ ಹಿನ್ನೀರಿಗೆ ಇಳಿಯುತ್ತಾನೆ. ಸೂರ್ಯನೇನೂ ಬದಲಾಗಿಲ್ಲ. ಗಾಳಿ, ಧೂಳುಗಳ ದಪ್ಪ ಪದರವನ್ನು ದಾಟುವಾಗ ನೀಲಿ ಬೆಳಕು ಹೆಚ್ಚು ಚದುರಿ, ಕೆಂಪು ಉಳಿದಿದೆ.

ಕ್ವೇಸಾರ್‌ಗಳನ್ನು ನೋಡುವ ವಿಜ್ಞಾನಿಗಳಿಗೂ ಇದೇ ತೊಡಕು. ದೂರದರ್ಶಕದಲ್ಲಿ ಕ್ವೇಸಾರ್ ಬರೀ ಚುಕ್ಕೆ. ಅಸಲಿಗೆ ದೂರದ ಗೆಲಾಕ್ಸಿಯ ನಡುವೆ ಭಾರೀ ಕಪ್ಪುರಂಧ್ರದ ಸುತ್ತ ಸುಳಿದು ಕಾದ ಅನಿಲದ ಬೆಳಕು ಅದು. 1963ರಲ್ಲಿ ಮಾರ್ಟೆನ್ ಸ್ಮಿತ್ ಗುಟ್ಟು ಬಿಡಿಸಿದ 3ಸಿ 273 ಸುಮಾರು 240 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ.

ದಾರಿಯಲ್ಲಿ ಧೂಳು ಸಿಕ್ಕೀತು. ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಚಿಕ್ಕದಾದ ಇಂಗಾಲ, ಸಿಲಿಕೇಟ್ ಕಣಗಳು. ಮುದಿ ನಕ್ಷತ್ರಗಳು ಉಗುಳಿದ್ದು. ಹಾಗಾದರೆ ಕೆಂಪಾಗಿ ಕಂಡ ಕ್ವೇಸಾರ್ ಬಲು ದೂರದ್ದೋ, ಧೂಳು ಮುಸುಕಿದ್ದೋ?

ಎರಡು ಕೆಂಪುಗಳೂ ಬೇರೆ ಬೇರೆ. ವಿಶ್ವ ಹಿಗ್ಗುವುದರಿಂದ ಬೆಳಕಿನ ಅಲೆ ಉದ್ದವಾಗಿ, ರೋಹಿತದ ಗೆರೆಗಳೆಲ್ಲ ಒಂದೇ ಪ್ರಮಾಣದಲ್ಲಿ ಕೆಂಪಿನತ್ತ ಸರಿಯುತ್ತವೆ. ಧೂಳು ಗೆರೆಗಳನ್ನು ಸರಿಸಲಾರದು. ಅದು ನೀಲಿಯನ್ನು ಹೆಚ್ಚು, ಕೆಂಪನ್ನು ಕಡಿಮೆ ನುಂಗುತ್ತದೆ, ಅಷ್ಟೆ. ಆದರೆ ಮಂಕಾದ ದೀಪ ದೂರದ್ದೆಂದು ಭಾಸವಾಗುವುದು ಸಹಜ. 1930ರಲ್ಲಿ ರಾಬರ್ಟ್ ಟ್ರಂಪ್ಲರ್ ಧೂಳನ್ನು ಲೆಕ್ಕಕ್ಕೆ ಹಿಡಿಯುವವರೆಗೆ ನಮ್ಮ ಆಕಾಶಗಂಗೆಯ ನಕ್ಷತ್ರಗುಚ್ಛಗಳ ದೂರವೇ ತಪ್ಪಾಗಿತ್ತು!

ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ದೂರದರ್ಶಕವನ್ನು ಇಟ್ಟಿದೆ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ, ಉಪಗ್ರಹದ ಮೂಲಕ. ಇಷ್ಟು ಎತ್ತರ ಏರಿದರೆ ಭೂಮಿಯ ಧೂಳನ್ನು ಬಹುಮಟ್ಟಿಗೆ ಕೆಳಗೆ ಬಿಡಬಹುದು. ಆಕಾಶದ ಧೂಳನ್ನು ಏರಿ ದಾಟಲು ಯಾವ ಗುಡ್ಡವೂ ಇಲ್ಲ.

ಹೀಗಾಗಿ ಅದನ್ನು ಅಳೆಯಲೇಬೇಕು. ಬ್ರೀಸ್ ಮೆನಾರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 85,000 ಕ್ವೇಸಾರ್‌ಗಳ ಬೆಳಕನ್ನು 2.4 ಕೋಟಿ ಗೆಲಾಕ್ಸಿಗಳ ಸ್ಥಾನದೊಂದಿಗೆ ಹೋಲಿಸಿದರು. ಗೆಲಾಕ್ಸಿಯ ಹತ್ತಿರದಿಂದ ಹಾದು ಬಂದ ಬೆಳಕು ಕೊಂಚ ಹೆಚ್ಚು ಕೆಂಪು. ಅಂದರೆ ಧೂಳು ಗೆಲಾಕ್ಸಿಯ ತಟ್ಟೆಯಲ್ಲಷ್ಟೇ ಇಲ್ಲ. ಹೆಚ್ಚುಕಡಿಮೆ ಅಷ್ಟೇ ಧೂಳು ಅದರ ಹೊರವಲಯಕ್ಕೂ ಹರಡಿದೆ.

1998ರಲ್ಲಿ ದೂರದ ಸೂಪರ್‌ನೋವಾಗಳು ನಿರೀಕ್ಷೆಗಿಂತ ಮಂಕಾಗಿ ಕಂಡು, ವಿಶ್ವದ ಹಿಗ್ಗುವಿಕೆ ವೇಗಗೊಳ್ಳುತ್ತಿದೆ ಎಂಬ ತೀರ್ಮಾನ ಬಂದಾಗ, ಇದು ಧೂಳಿನ ಆಟವಿರಬಹುದೇ ಎಂಬ ಶಂಕೆ ಎದ್ದಿತ್ತು. ಕ್ವೇಸಾರ್‌ಗಳ ಬೆಳಕಿನಲ್ಲಿ ಸಿಕ್ಕ ಧೂಳು ಆ ಮಂಕಿಗೆ ಸಾಲದು. ಆದರೂ ದೂರವನ್ನು ನಿಖರವಾಗಿ ಅಳೆಯುವವರು ಅದರ ಪಾಲನ್ನು ಕಳೆಯಬೇಕಾಗುತ್ತದೆ.