ಟೀವಿ ನಾಟಕದ ಮುಂದೆ ಹತ್ತು ನಿಮಿಷ

(ಮೋಯಾರ್‌ನಲ್ಲಿ ಕನ್ನಡ ಮಾಧ್ಯಮದ ಮಕ್ಕಳ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಭೆಗೆ ಮುನ್ನ ಹೊರಗೆ ನಿಂತಿದ್ದಾಗ ತಾಯಿಯೊಬ್ಬರು ಕೇಳಿದ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. "ಸಾರ್, ನನ್ನ ಮಗ ಇಂಗ್ಲಿಷ್ ಪಾಠ ಓದ್ತಾನೆ, ಉತ್ತರಾನೂ ಬರೀತಾನೆ. ಆದ್ರೆ ಮಸಿನಗುಡೀಲಿ ಜೀಪಿನಿಂದ ಇಳಿದೋರು ಇಂಗ್ಲಿಷಲ್ಲಿ ದಾರಿ ಕೇಳಿದ್ರೆ ನನ್ನ ಸೆರಗಿನ ಹಿಂದೆ ಅಡಗ್ತಾನೆ. ಬರೋ ವರ್ಷ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕ್ಬಿಡೋದಾ?" ಇದು ಅವರೊಬ್ಬರ ಪ್ರಶ್ನೆಯಲ್ಲ. ಇಲ್ಲಿ ಕುಳಿತಿರುವ ಅನೇಕರ ಮನಸ್ಸಿನಲ್ಲಿ ಇದೇ ಕೊರೆಯುತ್ತಿದೆ ಎಂಬುದನ್ನು ನಾನು ಬಲ್ಲೆ.

ಆ ಹುಡುಗ ಅಡಗುವುದು ಕನ್ನಡದಲ್ಲಿ ಓದಿದ್ದರಿಂದಲ್ಲ. ಆಡುವ ಇಂಗ್ಲಿಷನ್ನು ಅವನು ಕೇಳಿಯೇ ಇಲ್ಲ. ಪುಸ್ತಕದಲ್ಲಿ 'ವಾಟ್ ಆರ್ ಯೂ ಡೂಯಿಂಗ್' ಎಂದು ನಾಲ್ಕು ಪದಗಳು ಬಿಡಿಬಿಡಿಯಾಗಿ ನಿಂತಿರುತ್ತವೆ. ಮಾತಿನಲ್ಲಿ ಅದು 'ವಾಟರ್ಯು ಡೂಯಿಂಗ್' ಎಂದು ಒಂದೇ ಉಸಿರಿಗೆ ಹೋಗಿಬಿಡುತ್ತದೆ. ನಮಗೇನೂ ಇದು ಹೊಸತಲ್ಲ. ಪಾಠದಲ್ಲಿ 'ಏನು ಮಾಡುತ್ತಿದ್ದೀಯೆ' ಎಂದು ಓದುವ ಮಗು ಅಂಗಳದಲ್ಲಿ 'ಏನ್ಮಾಡ್ತಿದೀಯ' ಎನ್ನುತ್ತದೆ. ಎರಡೂ ಒಂದೇ ಎಂದು ಅದಕ್ಕೆ ಯಾರೂ ಪಾಠ ಹೇಳಲಿಲ್ಲ, ಕೇಳಿ ಕೇಳಿ ಬಂತು. ಇಂಗ್ಲಿಷಿನಲ್ಲಿ ಆ ಕೇಳ್ಮೆಯೇ ಇಲ್ಲ.

ಪಟ್ಟಣದವರು ಸಂಜೆ ಟ್ಯೂಷನ್ನಿಗೆ ಕಳಿಸುತ್ತಾರೆ. ಮೋಯಾರಿನಲ್ಲಿ ಕತ್ತಲಾದ ಮೇಲೆ ಮಗುವನ್ನು ಹೊರಗೆ ಕಳಿಸಿ ಎಂದು ಹೇಳಲು ಯಾರಿಗೆ ಬಾಯಿ ಬಂದೀತು? ಆನೆ ಟ್ಯೂಷನ್ನಿನ ವೇಳೆ ನೋಡಿ ಬರುವುದಿಲ್ಲ. ಹಾಗಾದರೆ ಮನೆಯೊಳಗೇ ಇರುವ ಟೀವಿ, ಮೊಬೈಲುಗಳನ್ನು ಬಳಸಿಕೊಳ್ಳೋಣ.

ನಮ್ಮವರದೇ ಒಂದು ಧಾರಾವಾಹಿಯಿಂದ ಶುರುಮಾಡಬಹುದು. ಮೈಸೂರಿನಲ್ಲಿ ಬಾಳಿದ ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್‌ನಾಗ್ 1986ರಲ್ಲಿ 'ಮಾಲ್ಗುಡಿ ಡೇಸ್' ಎಂದು ದೂರದರ್ಶನಕ್ಕೆ ತಂದರು. ಚಿತ್ರೀಕರಣ ಬಹುಮಟ್ಟಿಗೆ ನಡೆದದ್ದು ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ. ಹಿಂದಿಯದು ಎಲ್ಲರಿಗೂ ಗೊತ್ತು. ಮೊದಲ 13 ಕಂತುಗಳು ಇಂಗ್ಲಿಷಿನಲ್ಲೂ ತಯಾರಾದವು ಎಂಬುದನ್ನು ಹಲವರು ಮರೆತಿದ್ದಾರೆ. ಸ್ವಾಮಿಯಾದವನು ನಮ್ಮ ಮಾಸ್ಟರ್ ಮಂಜುನಾಥ್, ಅವನ ತಂದೆಯಾದವರು ಗಿರೀಶ ಕಾರ್ನಾಡರು. ನಮ್ಮಂಥದೇ ಮನೆ, ನಮ್ಮಂಥದೇ ಅಜ್ಜಿ. ಅಲ್ಲಿ ಇಂಗ್ಲಿಷ್ ಕೇಳಿದಾಗ ಮಗುವಿಗೆ ಅದು ಪರಕೀಯರ ಸೊತ್ತು ಎಂಬ ಅಳುಕು ಇರುವುದಿಲ್ಲ. ವಿದೇಶಿ ಪತ್ತೇದಾರಿ ಧಾರಾವಾಹಿಗಳು ಆಮೇಲಿರಲಿ. ಅವುಗಳ ವೇಗ ನನಗೇ ಹಿಡಿಯುವುದಿಲ್ಲ.

ನೋಡುವ ಕ್ರಮ ಹೀಗಿರಲಿ. ಎರಡು ಮೂರು ನಿಮಿಷದ ಒಂದೇ ದೃಶ್ಯ ಸಾಕು. ಮೊದಲು ಧ್ವನಿ ಮುಚ್ಚಿ ನೋಡಿ. "ಅಪ್ಪ ಯಾಕೆ ಸಿಟ್ಟಾದ? ಹುಡುಗ ಏನು ನೆಪ ಹೇಳ್ತಿದಾನೆ?" ಎಂದು ಕನ್ನಡದಲ್ಲೇ ಕೇಳಿ. ಇದಕ್ಕೆ ನಿಮಗೆ ಇಂಗ್ಲಿಷ್ ಬರಬೇಕಾಗಿಲ್ಲ, ನೆನಪಿಡಿ! ಮಾತಿನ ಸಂದರ್ಭ ಮಗುವಿನ ತಲೆಯಲ್ಲಿ ಕನ್ನಡದಲ್ಲಿ ಕುಳಿತ ಮೇಲೆ ಧ್ವನಿ ಹಾಕಿ. ಆಗ ಗೊತ್ತಿಲ್ಲದ ಪದದ ಅರ್ಧ ಅರ್ಥವನ್ನು ಮಗುವೇ ಊಹಿಸುತ್ತದೆ. ಮೂರನೆಯ ಸಲ ಒಂದೊಂದು ಮಾತಿಗೂ ನಿಲ್ಲಿಸಿ, ಪಾತ್ರದ ಹಾಗೆಯೇ, ಅದೇ ಸಿಟ್ಟು ಅದೇ ನಗುವಿನಲ್ಲಿ ಹೇಳಿಸಿ. ಅಣ್ಣ ಅಪ್ಪನಾಗಲಿ, ತಂಗಿ ಸ್ವಾಮಿಯಾಗಲಿ. ಹೊಸ ಪದ ಐದಕ್ಕಿಂತ ಹೆಚ್ಚು ಬೇಡ. ಅವನ್ನೂ ಒಂಟಿಯಾಗಿ ಬರೆಸದೆ, ಬಂದ ವಾಕ್ಯದೊಡನೆ ಬರೆಸಿ. ನಾವು 'ಹೋಗಿ ಬರ್ತೀನಿ' ಎನ್ನುವ ಕಡೆ ಅವರು 'ಸೀ ಯೂ' ಎನ್ನುತ್ತಾರೆ. ಪದಕ್ಕೆ ಪದ ಹೊಂದಿಸಿದರೆ ಇದು ಸಿಗುವುದೇ ಇಲ್ಲ, ದೃಶ್ಯದಲ್ಲಿ ಬಾಗಿಲು ದಾಟುವವನನ್ನು ನೋಡಿದಾಗ ಸಿಗುತ್ತದೆ.

ಪರದೆಯ ಕೆಳಗೆ ಇಂಗ್ಲಿಷ್ ಅಕ್ಷರಗಳು ಬರುವ ವ್ಯವಸ್ಥೆ ಇದ್ದರೆ ಬಳಸಿ. ಅಹಮದಾಬಾದಿನ ಐಐಎಂನಲ್ಲಿದ್ದ ಬ್ರಿಜ್ ಕೊಠಾರಿ ಅವರು 1996ರಲ್ಲಿ ಕೈಗೆತ್ತಿಕೊಂಡದ್ದು ಇದೇ ಉಪಾಯ: ಹಾಡು ಯಾವ ಭಾಷೆಯದೋ ಅದೇ ಭಾಷೆಯ ಅಕ್ಷರಗಳನ್ನು ಕೆಳಗೆ ಓಡಿಸುವುದು. ಓದಲು ಕಷ್ಟಪಡುವವರಿಗೆ ಓದಿನ ರೂಢಿ ಬರಲೆಂದು ಮಾಡಿದ್ದು. ನಮ್ಮ ಮಕ್ಕಳಿಗೂ ಕಿವಿಯ ಮಾತು ಕಣ್ಣಿನ ಅಕ್ಷರಕ್ಕೆ ಹೊಂದಿಕೊಳ್ಳುತ್ತದೆ.

ಉಚ್ಚಾರಣೆಯನ್ನು ಹೀಯಾಳಿಸಬೇಡಿ. ಕೊನೆಗೊಂದು 'ಉ' ಸೇರಿಸಿ ಬಸ್ಸು, ಕಾರು ಎನ್ನುವುದು ನಮ್ಮ ನಾಲಗೆಯ ಅಭ್ಯಾಸ. ಹತ್ತು ದೃಶ್ಯ ಆಡಿದರೆ ಎಲ್ಲಿ ಬಿಡಬೇಕೆಂದು ಮಗುವಿಗೇ ತಿಳಿಯುತ್ತದೆ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸಲು ರಾಜ್ಯಗಳು ಅನುಕೂಲ ಕಲ್ಪಿಸಬೇಕೆಂಬ 350-ಎ ವಿಧಿಯನ್ನು 1956ರಲ್ಲಿ ಸಂವಿಧಾನಕ್ಕೆ ಸೇರಿಸಲಾಯಿತು. ಈ ರಾಜ್ಯದಲ್ಲಿ 2006ರ ಕಾಯಿದೆಯಿಂದ ತಮಿಳು ಕಲಿಕೆಯೂ ಕಡ್ಡಾಯವಾಗಿ, ನಮ್ಮ ಮಕ್ಕಳು ಮೂರು ಭಾಷೆ ಹೊರುತ್ತಿದ್ದಾರೆ. ತಮಿಳು ಬೀದಿಯಲ್ಲಿ ಕಿವಿಗೆ ಬೀಳುತ್ತದೆ, ಕನ್ನಡ ಮನೆಯಲ್ಲಿದೆ. ಇಂಗ್ಲಿಷ್ ಒಂದಕ್ಕೆ ಕೇಳುವ ಜಾಗವಿಲ್ಲ. ಆ ಒಂದು ಕೊರತೆಗೆ ಹೆದರಿ ನಾವೇ ಮಕ್ಕಳನ್ನು ಬಿಡಿಸಿದರೆ ತರಗತಿಯ ಹಾಜರಿ ಇಳಿಯುತ್ತದೆ. ಖಾಲಿ ಬೆಂಚು ತೋರಿಸಿ 'ಮಕ್ಕಳೇ ಇಲ್ಲವಲ್ಲ' ಎಂದರೆ, ಕೈಯಲ್ಲಿ ಯಾವ ವಿಧಿ ಹಿಡಿದು ವಾದಿಸೋಣ ಹೇಳಿ?

ಮೊದಲು ಪ್ರಶ್ನೆ ಕೇಳಿದ ಅಮ್ಮ, ಸಭೆ ಮುಗಿದ ಮೇಲೆ ಸ್ವಲ್ಪ ನಿಲ್ಲಿ. ಮಗನನ್ನೂ ಕರೆಯಿರಿ. ನನ್ನ ಫೋನಿನಲ್ಲಿ ಒಂದು ದೃಶ್ಯವಿದೆ, ಮೊದಲು ಧ್ವನಿ ಮುಚ್ಚಿ ನೋಡೋಣ.