ಲೈಸೆನ್ಸ್ ಬುಕ್ಕಿನ ಖಾಲಿ ಹಾಳೆ: ಬಡವರ ದನಿ ಮತ್ತು ಕಾನೂನು ಭಂಗ



ಗಾಣಗಾಪುರದ ಈ ದತ್ತಿ ಉಪನ್ಯಾಸಕ್ಕೆ ನಾನು ಆರಿಸಿಕೊಂಡ ವಿಷಯ ಕೇಳಿ ಸಂಘಟಕರೊಬ್ಬರು, “ದತ್ತನ ಕ್ಷೇತ್ರದಾಗ ಕಾನೂನು ಮುರಿಯೋ ಮಾತು ಬ್ಯಾಡ್ರಿ ಸರ” ಎಂದು ಮೆಲ್ಲಗೆ ಹೇಳಿದರು. ಅವರ ಹಿಂಜರಿಕೆಯನ್ನು ನಾನು ಗೌರವಿಸುತ್ತೇನೆ. ಆದರೂ ಅದೇ ವಿಷಯ ಹಿಡಿದು ಬಂದಿದ್ದೇನೆ. ಈ ಪ್ರಶ್ನೆ ನನಗೆ ಮೊದಲು ಎದುರಾದದ್ದು ಯಾವ ಗ್ರಂಥದಲ್ಲೂ ಅಲ್ಲ, ನಮ್ಮ ಮನೆಯ ಜೋಳದ ಗುಮ್ಮಿಯೊಳಗೆ.

ಆ ಗುಮ್ಮಿಯಲ್ಲಿ ನಮ್ಮಪ್ಪ ರೇಡಿಯೊ ಬಚ್ಚಿಡುತ್ತಿದ್ದ. ಇಲ್ಲಿ ಕೂತಿರುವ ಹುಡುಗರಿಗೆ ಇದು ನಂಬಲಾಗದ ಮಾತು. ಅರವತ್ತು ದಾಟಿದವರಿಗೆ ನೆನಪಿರಬಹುದು. ಆಗ ರೇಡಿಯೊ ಕೇಳುವುದಕ್ಕೂ ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಯಲ್ಲಿ ಒಂದು ಸಣ್ಣ ಪುಸ್ತಕ ಕೊಡುತ್ತಿದ್ದರು. ವರ್ಷಕ್ಕೆ 15 ರೂಪಾಯಿ ಕಟ್ಟಿದರೆ ಅದರ ಹಾಳೆಗೆ ಸ್ಟಾಂಪು ಹಚ್ಚಿ ಮುದ್ರೆ ಒತ್ತುತ್ತಿದ್ದರು. ಕಟ್ಟದೆ ರೇಡಿಯೊ ಇಟ್ಟುಕೊಂಡರೆ ಅಪರಾಧ. ಈ ಪದ್ಧತಿ ಪೂರ್ತಿ ಹೋದದ್ದು 1985ರ ಹೊತ್ತಿಗೆ. “ಗಾಳಿಯಾಗ ಬರೋ ಮಾತಿಗಿ ರೊಕ್ಕಾ ಯಾಕೋ?” ಎಂದು ನಮ್ಮಪ್ಪ ಕೇಳುತ್ತಿದ್ದ. ಅವನು ಓದಿದವನಲ್ಲ. ಆದರೆ ಆ ಒಂದು ಸಾಲಿನ ಪ್ರಶ್ನೆಯನ್ನು ದೇಶದ ಸರ್ವೋಚ್ಚ ನ್ಯಾಯಾಲಯ ಕೈಗೆತ್ತಿಕೊಳ್ಳಲು 1995 ಬರಬೇಕಾಯಿತು.

ಈ ಲೈಸೆನ್ಸಿನ ಬೇರು ಇರುವುದು 1885ರಲ್ಲಿ. ಆ ವರ್ಷದ ಭಾರತೀಯ ಟೆಲಿಗ್ರಾಫ್ ಕಾಯ್ದೆ ತಂತಿ ಹಾಕಿ ಸಂದೇಶ ಸಾಗಿಸುವ ಹಕ್ಕು ಸರ್ಕಾರದ್ದೇ, ಉಳಿದವರಿಗೆ ಸರ್ಕಾರ ಅನುಮತಿ ಕೊಟ್ಟರೆ ಮಾತ್ರ ಎಂದಿತು. ಬರೆದವರು ಬ್ರಿಟಿಷರು. 1857ರ ದಂಗೆಯಲ್ಲಿ ತಂತಿ ತಮ್ಮ ಜೀವ ಹೇಗೆ ಉಳಿಸಿತು ಎಂಬುದು ಅವರಿಗೆ ಮರೆತಿರಲಿಲ್ಲ. 1933ರಲ್ಲಿ ಇನ್ನೊಂದು ಕಾಯ್ದೆ ಬಂದು, ನಿಸ್ತಂತು ಉಪಕರಣವನ್ನು ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಇಟ್ಟುಕೊಳ್ಳುವುದನ್ನೇ ಅಪರಾಧ ಮಾಡಿತು. ಆಳುವವರು ಆಳಿಸಿಕೊಳ್ಳುವವರಿಗೆ ಹೆದರಿ ಮಾಡಿದ ಕಾನೂನುಗಳಿವು. ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು, ಮಾತಾಡುವ ಹಕ್ಕು ಮೂಲಭೂತ ಹಕ್ಕಾಯಿತು. ಈ ಎರಡು ಕಾಯ್ದೆಗಳು ಮಾತ್ರ ಕದಲಲಿಲ್ಲ.

ಇವನ್ನು ಮುರಿದವರಲ್ಲಿ ನಾವು ಪೂಜಿಸುವವರೂ ಇದ್ದಾರೆ. 1942ರ ಆಗಸ್ಟಿನಲ್ಲಿ ಮುಂಬಯಿಯಲ್ಲಿ ಉಷಾ ಮೆಹ್ತಾ ಮತ್ತು ಗೆಳೆಯರು ಕಾಂಗ್ರೆಸ್ ರೇಡಿಯೊ ಶುರು ಮಾಡಿದರು. ಯಂತ್ರ ಹೊತ್ತು ಮನೆಯಿಂದ ಮನೆಗೆ ಓಡಾಡುತ್ತ ಎರಡೂವರೆ ತಿಂಗಳು ನಡೆಸಿದರು. ನವೆಂಬರ್ 12ರಂದು ಪೊಲೀಸರು ಬಾಗಿಲು ಒಡೆದು ಹಿಡಿದರು. ಆಕೆ ಯರವಡಾ ಜೈಲು ಕಂಡರು. 1998ರಲ್ಲಿ ಇದೇ ದೇಶ ಆಕೆಗೆ ಪದ್ಮವಿಭೂಷಣ ಕೊಟ್ಟಿತು. ಆ ಗೌರವದಲ್ಲಿ ನನಗೆ ಸಂಶಯವಿಲ್ಲ. ಆದರೆ ನಮ್ಮ ಮನಸ್ಸಿನ ಒಂದು ಮೂಲೆಯಲ್ಲಿ ಪರರ ಆಳ್ವಿಕೆಯ ಕಾನೂನು ಮುರಿದರೆ ದೇಶಭಕ್ತಿ, ನಮ್ಮ ಸರ್ಕಾರ ಅದೇ ಕಾನೂನು ಇಟ್ಟುಕೊಂಡಾಗ ಮುರಿದರೆ ಕಳ್ಳತನ ಎಂಬ ಲೆಕ್ಕ ಕೂತಿದೆ. ಅಕ್ಷರ ಒಂದೇ, ಕಲಮು ಒಂದೇ.

ನಮ್ಮ ನಾಡಿನ ಸಂಗತಿಗೆ ಬರುತ್ತೇನೆ. 1995ರ ಫೆಬ್ರುವರಿ 9ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ವಾಯುತರಂಗಗಳು ಸಾರ್ವಜನಿಕ ಸ್ವತ್ತು, ಸರ್ಕಾರದ ಏಕಸ್ವಾಮ್ಯವಲ್ಲ. ಮೊಕದ್ದಮೆ ಹೂಡಿದ್ದು ಬಂಗಾಳದ ಕ್ರಿಕೆಟ್ ಸಂಸ್ಥೆ; ಜಗಳ ಪಂದ್ಯದ ಪ್ರಸಾರದ್ದು. ದುಡ್ಡಿದ್ದವರ ಜಗಳದಿಂದ ಬಾಗಿಲು ತೆರೆಯಿತು. ಬಾಗಿಲು ತೆರೆದ ಮೇಲೆ ಮೊದಲು ಒಳಗೆ ಹೋದವರೂ ದುಡ್ಡಿದ್ದವರೇ. 2001ರ ಜುಲೈಯಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಹಾಡಲು ಶುರು ಮಾಡಿತು. ಹರಾಜಿನಲ್ಲಿ ಕೂಗಿದವರಿಗೆ ಆಕಾಶ ಸಿಕ್ಕಿತು.

ಅಲ್ಲಿಂದ ನೂರು ಕಿಲೋಮೀಟರಿನೊಳಗೇ, ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲೂಕಿನಲ್ಲಿ ಬೂದಿಕೋಟೆ ಎಂಬ ಊರಿದೆ. ಹೈದರಾಲಿ ಹುಟ್ಟಿದ ಊರು. ಅಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳ ಜೊತೆ, ಯುನೆಸ್ಕೊ ನೆರವಿನಿಂದ, ‘ನಮ್ಮ ಧ್ವನಿ’ ಎಂಬ ರೇಡಿಯೊ ಕೇಂದ್ರ ಕಟ್ಟಿದರು. ಸ್ಟುಡಿಯೊ ಇತ್ತು, ಮೈಕು ಇತ್ತು, ಕಲಿತ ದನಿಗಳಿದ್ದವು. ಗಾಳಿಗೆ ಬಿಡುವ ಹಕ್ಕು ಇರಲಿಲ್ಲ. ಆಗ ಅವರು ಮಾಡಿದ ಕೆಲಸ ನೋಡಿ: ಟಿವಿ ಕೇಬಲ್ಲಿಗೆ ದನಿಯನ್ನು ಜೋಡಿಸಿದರು. ಕೇಬಲ್ ನಡೆಸುವವನು ಅಂಚೆ ಕಚೇರಿಯಲ್ಲಿ ನೋಂದಣಿ ಮಾಡಿಸಿಕೊಂಡಿದ್ದರೆ ಸಾಕು, ತಂತಿಯೊಳಗಿನ ದನಿಗೆ ದೆಹಲಿಯ ತಡೆ ಇರಲಿಲ್ಲ. ಅದೇ ಮಾತು, ಅದೇ ಹೆಣ್ಣುಮಗಳ ಅದೇ ಕಂಠ. ತಾಮ್ರದೊಳಗೆ ಹೋದರೆ ಸರಿ, ಗಾಳಿಯೊಳಗೆ ಹೋದರೆ ಜೈಲು. ಬೂದಿಕೋಟೆಯವರು ಕಾನೂನನ್ನು ಮುರಿಯಲಿಲ್ಲ. ಅದರ ಪಕ್ಕದಲ್ಲೇ ತಂತಿ ಎಳೆದು, ಅದೆಷ್ಟು ಅರ್ಥವಿಲ್ಲದ್ದು ಎಂಬುದನ್ನು ಇಡೀ ದೇಶಕ್ಕೆ ತೋರಿಸಿದರು. ಆದರೆ ತಂತಿ ಹೋದಷ್ಟು ದೂರ ಮಾತ್ರ ದನಿ. ಹೊಲದಲ್ಲಿ ಕಳೆ ತೆಗೆಯುವವಳಿಗೆ ಕೇಬಲ್ಲಿಲ್ಲ.

ನಮಗೆ ಇನ್ನೂ ಹತ್ತಿರದ ಕತೆ ಪಸ್ತಾಪುರದ್ದು. ಬೀದರಿನ ಗಡಿ ದಾಟಿದರೆ ಜಹೀರಾಬಾದ್. ಅದರ ಮಗ್ಗುಲಿಗೆ ಆ ಊರು. ನಮ್ಮಂಥದೇ ಮಳೆಯಾಶ್ರಯದ ನೆಲ, ನಮ್ಮಂಥದೇ ಜೋಳ-ತೊಗರಿ. ಅಲ್ಲಿನ ದಲಿತ ಹೆಣ್ಣುಮಕ್ಕಳು ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ಕೂಡಿ 1998ರಿಂದಲೇ ಕಾರ್ಯಕ್ರಮ ಧ್ವನಿಮುದ್ರಿಸಿದರು: ಬೀಜದ ಮಾತು, ಬೀಸುವ ಪದ, ಮದ್ದಿನ ಗಿಡ. ಲೈಸೆನ್ಸ್ ಸಿಗಲಿಲ್ಲ. ಕ್ಯಾಸೆಟ್ಟುಗಳನ್ನು ಸಂಘದ ಸಭೆಗಳಲ್ಲಿ ಹಚ್ಚಿ ಕೇಳಿಸಿದರು. ಸಂಘಂ ರೇಡಿಯೊ ಗಾಳಿಗೆ ಬಂದದ್ದು 2008ರ ಅಕ್ಟೋಬರ್ 15ರಂದು. ಹತ್ತು ವರ್ಷ ಕಾದರು, ಒಂದು ದಿನವೂ ಕಾನೂನು ಮೀರಲಿಲ್ಲ. ನಾನು ಅವರಿಗೆ ಕೈ ಮುಗಿಯುತ್ತೇನೆ. ಮುಗಿಯುವಾಗಲೇ ಒಂದು ಸಂಕಟವೂ ಆಗುತ್ತದೆ. ಆ ಹತ್ತು ವರ್ಷಗಳಲ್ಲಿ ಎಷ್ಟು ಮುದುಕಿಯರು ತಮ್ಮ ಪದಗಳನ್ನು ತಮ್ಮ ಜೊತೆಗೇ ಒಯ್ದಿರಬೇಕು! ಕಾನೂನು ಪಾಲಿಸಿದ್ದಕ್ಕೂ ಬೆಲೆ ಇದೆ. ಅದನ್ನು ತೆತ್ತವರು ಬಡವರೇ.

ಲೈಸೆನ್ಸಿಗೆ ಕಾಯದ, ಎದುರು ದಿಕ್ಕಿನ ಎರಡು ಉದಾಹರಣೆ. ಕರ್ನೂಲು ಜಿಲ್ಲೆಯ ಓರ್ವಕಲ್ಲಿನಲ್ಲಿ 2002ರಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ‘ಮನ ರೇಡಿಯೊ’ ಎಂಬ ಪುಟ್ಟ ಕೇಂದ್ರ ನಡೆಸಿದರು. ಕೆಲವೇ ತಿಂಗಳಲ್ಲಿ ಅಧಿಕಾರಿಗಳು ಬಂದು ನಿಲ್ಲಿಸಿದರು. ಬಿಹಾರದ ವೈಶಾಲಿ ಜಿಲ್ಲೆಯ ಮನ್ಸೂರ್‌ಪುರದಲ್ಲಿ ರಾಘವ್ ಮಹತೋ ಎಂಬ ಯುವಕ, ರೇಡಿಯೊ ರಿಪೇರಿ ಅಂಗಡಿಯವನು, ಐವತ್ತು ರೂಪಾಯಿ ಖರ್ಚಿನಲ್ಲಿ ಟ್ರಾನ್ಸ್‌ಮಿಟರ್ ಮಾಡಿ, ಬಿದಿರ ಗಳಕ್ಕೆ ಕಟ್ಟಿ, ಪಕ್ಕದ ಆಸ್ಪತ್ರೆಯ ಮಾಳಿಗೆ ಮೇಲೆ ನಿಲ್ಲಿಸಿದ. ಹಾಡು, ಕಳೆದುಹೋದ ಮಕ್ಕಳ ಸುದ್ದಿ, ಪೋಲಿಯೊ ಹನಿಯ ತಿಳಿವಳಿಕೆ ಎಲ್ಲ ಅದರಲ್ಲಿ ಬರುತ್ತಿತ್ತು. ಇದಕ್ಕೆ ಲೈಸೆನ್ಸ್ ಬೇಕೆಂಬುದೇ ಅವನಿಗೆ ಗೊತ್ತಿರಲಿಲ್ಲ. 2006ರ ಮಾರ್ಚಿನಲ್ಲಿ ಅಧಿಕಾರಿಗಳು ಅದನ್ನು ಮುಚ್ಚಿಸಿದರು. ಅದೇ ವರ್ಷ ನವೆಂಬರಿನಲ್ಲಿ ಸರ್ಕಾರ ಸಮುದಾಯ ಬಾನುಲಿಗೆ ಹೊಸ ನಿಯಮ ಹೊರಡಿಸಿತು. ಎಂಟು ತಿಂಗಳು! ಆದರೆ ಆ ನಿಯಮ ರಾಘವನಂಥವನಿಗೆ ಬರೆದದ್ದಲ್ಲ. ಮೂರು ವರ್ಷ ಕೆಲಸ ಮಾಡಿದ ನೋಂದಾಯಿತ ಸಂಸ್ಥೆಗೆ ಅರ್ಹತೆ. ಒಂಟಿ ಮನುಷ್ಯನಿಗೆ ಇಲ್ಲ.

ರಾಘವ್ ಮಾಡಿದ್ದು ತಪ್ಪೇ? ನನ್ನ ಉತ್ತರ, ತಪ್ಪಲ್ಲ. ಆದರೆ ಈ ಉತ್ತರಕ್ಕೆ ಅಡ್ಡ ನಿಲ್ಲುವ ಒಬ್ಬರಿದ್ದಾರೆ, ಅವರನ್ನು ದಾಟಿ ಹೋಗಲು ನನಗೆ ಧೈರ್ಯವಿಲ್ಲ. ಬಾಬಾಸಾಹೇಬ ಅಂಬೇಡ್ಕರರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತಾಡುತ್ತ, ಕಾನೂನು ಭಂಗ, ಅಸಹಕಾರ, ಸತ್ಯಾಗ್ರಹಗಳ ದಾರಿಯನ್ನು ಇನ್ನು ಬಿಡಬೇಕು ಎಂದರು. ಸಂವಿಧಾನದ ದಾರಿ ಇಲ್ಲದಿದ್ದಾಗ ಅವಕ್ಕೆ ಸಮರ್ಥನೆ ಇತ್ತು, ದಾರಿ ತೆರೆದ ಮೇಲೆ ಇಲ್ಲ ಎಂಬುದು ಅವರ ವಾದ. ಹೇಳಿದವರು ಮಹಾಡಿನ ಕೆರೆಯ ನೀರು ಮುಟ್ಟಿದವರು, ಆದ್ದರಿಂದ ಈ ಮಾತನ್ನು ಹಗುರ ಮಾಡಲಾಗದು. ವರ್ಷಗಟ್ಟಲೆ ನಾನು ಇದರ ಜೊತೆ ಗುದ್ದಾಡಿದ್ದೇನೆ. ಕೊನೆಗೆ ಕಂಡದ್ದು ಇಷ್ಟು: ಬಾಬಾಸಾಹೇಬರು ಕೇಳಿದ್ದು ದಾರಿ ತೆರೆದಿದೆಯೇ ಎಂದು. 1995ರ ತೀರ್ಪಿನಿಂದ 2006ರ ನಿಯಮದವರೆಗೆ ಹನ್ನೊಂದು ವರ್ಷ, ಹಳ್ಳಿಯವರಿಗೆ ಅರ್ಜಿ ಹಾಕಲು ಒಂದು ನಮೂನೆಯೂ ಇರಲಿಲ್ಲ. 1996ರಲ್ಲಿ ಬೆಂಗಳೂರಿನಲ್ಲಿ ಕೂಡಿದವರು ಘೋಷಣೆ ಮಾಡಿ ಕೇಳಿಕೊಂಡರು. 2000ದಲ್ಲಿ ಪಸ್ತಾಪುರದಲ್ಲಿ ಕೂಡಿದವರು ಮತ್ತೆ ಕೇಳಿಕೊಂಡರು. ಕೇಳಿದವರು ಕೇಳುತ್ತಲೇ ಇದ್ದರು. ಕೋರ್ಟು ನಿಮ್ಮದು ಎಂದ ಸ್ವತ್ತಿಗೆ ಬಾಗಿಲೇ ಇಲ್ಲದಿದ್ದರೆ, ಗೋಡೆ ಹಾರಿದವನನ್ನು ಕಳ್ಳ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಇಂದಿನ ಮಾತು ಬೇರೆ. ಬಾಗಿಲು ಇದೆ, ಕಿರಿದಾಗಿದೆ, ಎತ್ತರದಲ್ಲಿದೆ, ಆದರೂ ಇದೆ. ಕಲಬುರಗಿಯಲ್ಲಿ ಶರಣಬಸವೇಶ್ವರ ಸಂಸ್ಥೆಯ ಅಂತರ್ವಾಣಿ ಆ ಬಾಗಿಲಿನಿಂದಲೇ ಬಂದಿದೆ. ಇಂಥ ಕೇಂದ್ರಗಳು ತಾವೇ ಸುದ್ದಿ ಹೇಳುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದಂತೆ ಕೇಳಿಸಬಹುದಷ್ಟೆ. ಗ್ರಾಮಸಭೆಯಲ್ಲಿ ಆದ ಜಗಳವನ್ನು ಗ್ರಾಮದ ರೇಡಿಯೊ ಹೇಳಿದರೆ ಅದು ಸುದ್ದಿಯೋ ಅಲ್ಲವೋ ಎಂದು ನಡೆಸುವವರು ನಡುಗಬೇಕು. 2012ರಲ್ಲಿ ತರಂಗದ ವಾರ್ಷಿಕ ಶುಲ್ಕವನ್ನು 19,700 ರೂಪಾಯಿಯಿಂದ 91,000ಕ್ಕೆ ಏರಿಸಿದರು. ದೇಶವೆಲ್ಲ ಕೂಗಿದ ಮೇಲೆ ಇಳಿಸಿದರು. ಇವು ಅನ್ಯಾಯಗಳೇ. ಆದರೆ ಕೂಗಿದರೆ ಇಳಿಯುವ ಅನ್ಯಾಯಗಳು. ಇಂಥಲ್ಲಿ ಮೊದಲು ಅರ್ಜಿ, ಆಮೇಲೆ ಕೂಗು.

ಕಾನೂನಿನ ಪರವಾಗಿ ಇನ್ನೊಂದು ಮಾತು ಹೇಳದಿದ್ದರೆ ಅಪ್ರಾಮಾಣಿಕನಾಗುತ್ತೇನೆ. ಎಫ್‌ಎಂ ತರಂಗಗಳು 108 ಮೆಗಾಹರ್ಟ್ಸ್‌ಗೆ ಮುಗಿಯುತ್ತವೆ, ವಿಮಾನಗಳ ತರಂಗ ಅಲ್ಲಿಂದಲೇ ಶುರು. ಕೈಯಾರೆ ಮಾಡಿದ ಯಂತ್ರ ತನ್ನ ಗೆರೆ ದಾಟಿ ಗುಂಯ್‌ಗುಟ್ಟಿದರೆ ಪೈಲಟನ ಕಿವಿಗೆ ಬೀಳಬಹುದು. ಕಲಬುರಗಿಯಲ್ಲಿ 2019ರ ನವೆಂಬರಿನಿಂದ ವಿಮಾನ ನಿಲ್ದಾಣವಿದೆ. ಆದ್ದರಿಂದ, ಬಡವರಿಗಾಗಿ ಎಂಬ ಒಂದೇ ಕಾರಣ ಹೇಳಿ ಯಾರೂ ಯಂತ್ರ ಹಚ್ಚುವಂತಿಲ್ಲ. ಶಕ್ತಿ ಸಣ್ಣದಿರಬೇಕು, ಯಂತ್ರ ತಿಳಿದವರು ಅಳತೆ ಮಾಡಿರಬೇಕು, ಹೆಸರು-ವಿಳಾಸ ಹೇಳಿಯೇ ಮಾತಾಡಬೇಕು. ಬಚ್ಚಿಟ್ಟುಕೊಂಡು ಮಾಡಿದ್ದು ಕಾನೂನನ್ನು ತಿದ್ದುವುದಿಲ್ಲ.

ಈಗ ನನ್ನ ಎದೆಯಲ್ಲಿ ಕೂತ ಮಾತು. ದೂರಸಂಪರ್ಕದ 2023ರ ಹೊಸ ಕಾಯ್ದೆ 1885ರದನ್ನೂ 1933ರದನ್ನೂ ತೆಗೆದುಹಾಕಲು ಬಂದದ್ದು. ಅನುಮತಿ ಇಲ್ಲದೆ ಜಾಲ ನಡೆಸಿದರೆ ಅದರಲ್ಲಿ ಮೂರು ವರ್ಷದವರೆಗೆ ಸೆರೆ, ಎರಡು ಕೋಟಿ ರೂಪಾಯಿವರೆಗೆ ದಂಡ. ಎರಡು ಕೋಟಿ! ಅಫಜಲಪುರದ ಒಂದು ಹಳ್ಳಿಯ ಎಷ್ಟು ಮನೆ, ಎಷ್ಟು ಹೊಲ ಮಾರಿದರೆ ಅಷ್ಟಾದೀತು? ಕಾನೂನು ಭಂಗದ ಬಗ್ಗೆ ಪಟ್ಟಣದಲ್ಲಿ ಕೂತು ಬರೆಯುವ ನಾವು, ಸಂಬಳದವರು, ಪಿಂಚಣಿಯವರು, ಶಿಕ್ಷೆ ಯಾರ ಬೆನ್ನಿಗೆ ಬೀಳುತ್ತದೆ ಎಂದು ಕೇಳುವುದೇ ಇಲ್ಲ. ಶರಣರ ಕಾಲದ ಕಲ್ಯಾಣದಲ್ಲಿ ವರ್ಣದ ಕಟ್ಟಳೆ ಮುರಿದು ಮದುವೆ ಆದಾಗಲೂ ಆನೆಯ ಕಾಲಿಗೆ ಕಟ್ಟಿಸಿಕೊಂಡು ಎಳೆಹೂಟೆ ಅನುಭವಿಸಿದವರು ಹರಳಯ್ಯ, ಮಧುವರಸ, ಹುಡುಗ-ಹುಡುಗಿಯರ ಹೆತ್ತವರು. ಒಪ್ಪಿಗೆ ಕೊಟ್ಟ ಅನುಭವ ಮಂಟಪದಲ್ಲಿ ನೂರಾರು ಜನರಿದ್ದರು. ರಾಘವನ ಯಂತ್ರ ಮುಚ್ಚಿಸಿದ ದಿನ ಅವನ ಪಕ್ಕದಲ್ಲಿ ಒಂದು ವಿಶ್ವವಿದ್ಯಾಲಯ, ಒಂದು ವಕೀಲರ ಸಂಘ, ಒಂದು ಮಠ ನಿಂತಿದ್ದರೆ? ಅನ್ಯಾಯದ ಕಾನೂನನ್ನು ಬಡವರಿಗಾಗಿ ಮುರಿಯುವುದಿದ್ದರೆ ಮುರಿಯುವ ಕೈ ಬಡವರದಾಗಿರಬಾರದು. ಜಾಮೀನು ಕೊಡಿಸಿಕೊಳ್ಳಬಲ್ಲವರ ಕೈ ಆಗಿರಬೇಕು. ನನ್ನದು, ಇಲ್ಲಿ ಮುಂದಿನ ಸಾಲಿನಲ್ಲಿ ಕೂತವರದು.

2020ರ ಅಕ್ಟೋಬರ್ ನಿಮಗೆ ನೆನಪಿಸಬೇಕಿಲ್ಲ. ಉಜನಿಯಿಂದ ಬಿಟ್ಟ ನೀರು ಸೊನ್ನ ಬ್ಯಾರೇಜು ದಾಟಿ ಈ ಸಂಗಮಕ್ಕೆ ನುಗ್ಗಿತು. ಭೀಮಾತೀರದ ಹಳ್ಳಿಗಳ ಜನ ದನಕರು ಬಿಟ್ಟು ಕಾಳಜಿ ಕೇಂದ್ರ ಸೇರಿದರು. ಕರೆಂಟ್ ಹೋದರೆ ಮೊಬೈಲ್ ಟವರಿನ ಬ್ಯಾಟರಿ ಎಷ್ಟು ಹೊತ್ತು? ಗುಡಿಯ ಮೈಕು ಕೂಗಲು ಪೊಲೀಸ್ ಠಾಣೆಯ ಒಂದು ಅನುಮತಿ ಚೀಟಿ ಸಾಕು. ಅದೇ ಮಾತನ್ನು ಶೆಲ್ ಹಾಕಿದ ರೇಡಿಯೊಗೆ ಮುಟ್ಟಿಸಲು ದೆಹಲಿಯ ಒಪ್ಪಿಗೆ ಬೇಕು. ಮುಂದಿನ ನೆರೆಗೆ ಮುಂಚೆ ಇಲ್ಲಿಂದ ಒಂದು ಅರ್ಜಿ ಹೋಗಲಿ. ನಾನು ಬರೆದುಕೊಡುತ್ತೇನೆ. ಆ ಅರ್ಜಿ ಕೊಳೆಯುತ್ತ ಬಿದ್ದಿರುವಾಗಲೇ ನೀರು ಬಂದರೆ, ಯಾರಾದರೂ ಯಂತ್ರ ಹಚ್ಚಿ ನೀರು ಎಲ್ಲಿಗೆ ಬಂತು ಎಂದು ಕೂಗಬೇಕಾದರೆ, ಹಚ್ಚಿದವನ ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆಸಿ.

ನಮ್ಮಪ್ಪನ ಲೈಸೆನ್ಸ್ ಬುಕ್ಕು ನನ್ನ ಹತ್ತಿರ ಇದೆ, ಇಂದು ಜೇಬಿನಲ್ಲಿ ತಂದಿದ್ದೇನೆ. ಮುದ್ರೆ ಬಿದ್ದ ಹಾಳೆಗಳ ನಡುವೆ ಒಂದು ಹಾಳೆ ಖಾಲಿ. ಅದು 1972, ಬರದ ವರ್ಷ. ಅಪ್ಪ-ಅವ್ವ ಇಬ್ಬರೂ ಬರಗಾಲದ ಕಾಮಗಾರಿಗೆ ಕಲ್ಲು ಒಡೆಯಲು ಹೋಗುತ್ತಿದ್ದರು. 15 ರೂಪಾಯಿ ಇರಲಿಲ್ಲ. ರಾತ್ರಿ ಗುಮ್ಮಿಯಿಂದ ರೇಡಿಯೊ ತೆಗೆದು, ದನಿ ಸಣ್ಣ ಮಾಡಿ, ಓಣಿಯ ಹತ್ತೆಂಟು ಜನ ಮಳೆಯ ಮುನ್ಸೂಚನೆ ಕೇಳುತ್ತಿದ್ದರು. ತಪಾಸಣೆಗೆ ಒಬ್ಬರು ಬಂದ ದಿನ ಅವ್ವ ಕಣ್ಣಲ್ಲೇ ಬ್ಯಾಡ ಎಂದಳು. ಅಪ್ಪ ಗುಮ್ಮಿಯ ಮುಚ್ಚಳ ತಾನೇ ತೆಗೆದ. “ಅದರೀ. ಈ ವರ್ಷ ರೊಕ್ಕಾ ಇಲ್ಲ” ಎಂದ. ಬಂದವರು ಹೆಸರು ಬರೆದುಕೊಂಡು ಹೋದರು. ಮರುವರ್ಷ ಸುಗ್ಗಿ ಆದ ಮೇಲೆ ಅಪ್ಪ ಹಿಂದಿನ ಬಾಕಿ, ಮೇಲಿನ ದಂಡ ಎಲ್ಲ ಕಟ್ಟಿದ. ಅದರ ರಸೀದಿ ಆ ಖಾಲಿ ಹಾಳೆಯೊಳಗೇ ಮಡಚಿಟ್ಟಿದ್ದಾನೆ. ಸಭೆ ಮುಗಿದ ಮೇಲೆ ನೋಡಬೇಕೆನ್ನುವವರು ಬನ್ನಿ, ತೋರಿಸುತ್ತೇನೆ.