ಹಳತಾಗುವುದು ಬೇರೆ, ಹಳಸುವುದು ಬೇರೆ

ಬೀದರ ನಗರದಲ್ಲಿ ಬ್ಯಾಂಡು ಬಂತೆಂದರೆ ಮದುವೆಯ ಮೆರವಣಿಗೆ ಬಂತೆಂದೇ ಅರ್ಥ. ಕುದುರೆಯ ಮೇಲೆ ಮದುಮಗ, ಅವನ ಮುಂದೆ ಸಮವಸ್ತ್ರ ತೊಟ್ಟ ಹತ್ತು ಹನ್ನೆರಡು ಮಂದಿ ವಾದ್ಯಗಾರರು, ಚೌಬಾರದ ಸುತ್ತಣ ಓಣಿಗಳೆಲ್ಲ ತುಂಬುವಂತೆ ಸಿನಿಮಾ ಹಾಡುಗಳ ಧಾಟಿ. ಈ ವಾದ್ಯಗಾರರನ್ನು ತಡೆದು, "ನಿಮ್ಮ ಸಂಗೀತ ಹಳಸುವುದಕ್ಕೆ ಮೊದಲೇ ನೀವು ಬ್ಯಾಂಡನ್ನು ಮುಚ್ಚಬಾರದೇಕೆ?" ಎಂದು ಕೇಳುವ ಅಧಿಕಪ್ರಸಂಗಿ ನಮ್ಮಲ್ಲಿಲ್ಲ. ಊರಿನಲ್ಲಿ ಮದುವೆಗಳು ನಡೆಯುವವರೆಗೂ ಅವರಿಗೆ ಕೆಲಸವುಂಟು. ಕೆಲಸವಿರುವವರೆಗೂ ಮನೆಯಲ್ಲಿ ಒಲೆ ಉರಿಯುತ್ತದೆ. ಆದರೆ ಬ್ಯಾಂಡು ಎಂಬ ಇದೇ ಹೆಸರಿನ ಇನ್ನೊಂದು ಬಗೆಯ ಮೇಳವಿದೆ. ಗಿಟಾರು, ಡ್ರಮ್ಸುಗಳನ್ನು ಇಟ್ಟುಕೊಂಡು ನಾಲ್ಕೈದು ಮಂದಿ ಗೆಳೆಯರು ತಮ್ಮ ಹಾಡುಗಳನ್ನು ತಾವೇ ಕಟ್ಟಿ ಹಾಡುವ ರಾಕ್ ಸಂಗೀತದ ಮೇಳ ಅದು. ಇಂಥ ಮೇಳಗಳ ವಿಷಯದಲ್ಲಿ ಮೇಲಿನ ಪ್ರಶ್ನೆಯನ್ನು ಲೋಕವೆಲ್ಲ ಕೇಳುತ್ತ ಬಂದಿದೆ. ಜನಪ್ರಿಯತೆಯ ಶಿಖರದಲ್ಲಿರುವಾಗಲೇ ಮೇಳವನ್ನು ಮುಗಿಸುವುದು ಲೇಸೋ, ಉಸಿರಿರುವವರೆಗೆ ಹಾಡುವುದು ಲೇಸೋ? ನನಗೆ ದೊರೆತಿರುವ ಈ ಸ್ವಲ್ಪ ಹೊತ್ತಿನಲ್ಲಿ ಆ ಪ್ರಶ್ನೆಯನ್ನು ತಮ್ಮೊಡನೆ ಪರಿಶೀಲಿಸಬೇಕೆಂದಿದ್ದೇನೆ.

ಇದು ನಮಗೆ ದೂರದ ಪ್ರಶ್ನೆಯೆಂದು ತಾವು ಭಾವಿಸಬಾರದು. ನನ್ನಲ್ಲಿ ಓದಿದ ನಾಲ್ವರು ಯುವಕರು ಒಂಬತ್ತು ವರ್ಷಗಳಿಂದ ಇಂಥದೊಂದು ಮೇಳವನ್ನು ನಡೆಸುತ್ತಿದ್ದಾರೆ. ಇಬ್ಬರು ಬೀದರಿನವರು, ಒಬ್ಬ ಭಾಲ್ಕಿಯವನು, ಇನ್ನೊಬ್ಬ ಔರಾದಿನವನು. ತತ್ವಪದಗಳನ್ನೂ ತಾವೇ ಬರೆದ ಪದಗಳನ್ನೂ ಗಿಟಾರಿನೊಡನೆ ಹಾಡುತ್ತಾರೆ. ಕಾಲೇಜಿನ ವಾರ್ಷಿಕೋತ್ಸವ, ಗಣೇಶನ ಹಬ್ಬ, ಜಾತ್ರೆ ಎಂದು ಅವರಿಗೆ ಕರೆಗಳು ಬರುತ್ತವೆ. ಈಚೆಗೆ ನಾಲ್ವರೂ ಕೂಡಿ ನನ್ನ ಮನೆಗೆ ಬಂದಿದ್ದರು. ಭಾಲ್ಕಿಯ ಹುಡುಗ ಮಾತು ತೆಗೆದ: "ಸರ್, ಎಲ್ಲಿ ಹೋದರೂ ಅವೇ ಮೂರು ಹಾಡು ಕೇಳ್ತಾರ್ರಿ. ಹೊಸಾದು ಶುರು ಮಾಡಿದರ ಮಂದಿ ಎದ್ದು ಚಹಾಕ್ಕ ಹೋಗ್ತಾರ. ನಾವು ಬಂದ್ ಮಾಡಬೇಕೋ, ಹಿಂಗೇ ನಡಸಬೇಕೋ, ನೀವೇ ಹೇಳ್ರಿ." ಔರಾದಿನವನಿಗೆ ಹೈದರಾಬಾದಿನಲ್ಲಿ ನೌಕರಿ ಸಿಕ್ಕಿತ್ತು, ಅವನು ಹೋಗುವವನು. ಉಳಿದವರಿಗೆ ಒಂಬತ್ತು ವರ್ಷದಲ್ಲಿ ಗಳಿಸಿದ ಹೆಸರನ್ನು ಬಿಡಲು ಮನಸ್ಸಿಲ್ಲ. ಮಾತಿನ ನಡುವೆ ಒಬ್ಬರ ಮುಖವನ್ನೊಬ್ಬರು ನೋಡುತ್ತಿರಲಿಲ್ಲವೆಂಬುದನ್ನು ಗಮನಿಸಿದೆ. ಯೋಚಿಸಿ ಹೇಳುತ್ತೇನೆಂದು ಕಳುಹಿಸಿಕೊಟ್ಟೆ. ಆ ಯೋಚನೆಯೇ ಇಂದಿನ ಈ ಮಾತು.

ಮೊದಲು ಶಬ್ದದ ಅರ್ಥ ತಿಳಿಯಾಗಬೇಕು. ಕನ್ನಡದಲ್ಲಿ ಹಳತಾಗುವುದು ಬೇರೆ, ಹಳಸುವುದು ಬೇರೆ. ಜಾಡಿಯಲ್ಲಿಟ್ಟ ಉಪ್ಪಿನಕಾಯಿ ಹಳತಾಗುತ್ತದೆ. ರಾತ್ರಿ ಉಳಿದ ಅನ್ನ ಹಳಸುತ್ತದೆ. ಒಂದರಲ್ಲಿ ಕಾಲ ಕೆಲಸ ಮಾಡಿದೆ, ಇನ್ನೊಂದರಲ್ಲಿ ಕಾಲ ಸುಮ್ಮನೆ ಕಳೆದಿದೆ. ನಮ್ಮ ಬಿದ್ರಿ ಕೆಲಸವನ್ನೇ ನೋಡಿ. ಸತುವು ಮತ್ತು ತಾಮ್ರದ ಎರಕ, ಅದರಲ್ಲಿ ಕೊರೆದು ಕೂಡಿಸಿದ ಬೆಳ್ಳಿ, ಕೊನೆಗೆ ಕೋಟೆಯ ಮಣ್ಣು ಬೆರೆತ ದ್ರಾವಣದಲ್ಲಿ ಅದ್ದಿದಾಗ ಲೋಹವೆಲ್ಲ ಕಪ್ಪಾಗಿ ಬೆಳ್ಳಿಯೊಂದೇ ಬೆಳಗುವ ಸೋಜಿಗ. ಶತಮಾನಗಳಿಂದ ಕ್ರಮ ಅದೇ, ಬಳ್ಳಿ ಹೂವಿನ ಚಿತ್ತಾರಗಳೂ ಬಹುಮಟ್ಟಿಗೆ ಅವೇ. ಆದರೂ ಅದನ್ನು ಹಳಸಿತೆಂದು ಯಾರೂ ಹೇಳಲಾರರು. ಏಕೆಂದರೆ ಪ್ರತಿಯೊಂದು ಹೂಜಿಯ ಮೇಲೂ ಒಂದು ಕೈ ಹೊಸದಾಗಿ ಉಳಿ ಹಿಡಿಯಬೇಕು, ಹೊಸದಾಗಿ ತಪ್ಪುವ ಭಯವನ್ನು ಅನುಭವಿಸಬೇಕು. ಆದ್ದರಿಂದ ವಯಸ್ಸು ದೋಷವಲ್ಲ. ಆ ಭಯ ಹೋದ ಗಳಿಗೆಯಿಂದ ಹಳಸುವಿಕೆ ಆರಂಭವಾಗುತ್ತದೆ.

ಸಕಾಲದಲ್ಲಿ ಮುಗಿಯದ ಹೆಸರಿನ ಗತಿ ಏನಾಗುತ್ತದೆಂಬುದನ್ನು ಕಣ್ಣಾರೆ ಕಾಣಬೇಕಾದರೆ ನಾವು ದೂರ ಹೋಗಬೇಕಾಗಿಲ್ಲ. ಊರ ಹೊರಗಿನ ಅಷ್ಟೂರಿಗೆ ಹೋದರೆ ಸಾಕು. ಬಹಮನಿ ಸುಲ್ತಾನರ ಸಮಾಧಿಗಳು ಅಲ್ಲಿ ಸಾಲಾಗಿ ನಿಂತಿವೆ. 1436ರಲ್ಲಿ ತೀರಿಕೊಂಡ ಅಹಮದ್ ಶಾಹ್ ವಲಿಯ ಸಮಾಧಿಯ ಒಳಗೋಡೆಗಳ ಬಣ್ಣ ಮತ್ತು ಹೊನ್ನಿನ ಬರಹ ಇಂದಿಗೂ ಕಣ್ಣು ಸೆಳೆಯುತ್ತವೆ. ಹಿಂದೂಗಳೂ ಮುಸಲ್ಮಾನರೂ ಕೂಡಿ ಅಲ್ಲಿ ಜಾತ್ರೆ ನಡೆಸುತ್ತಾರೆ. ಅಲ್ಲಿಂದ ಮುಂದೆ ನಡೆದಂತೆ ವಂಶದ ಇಳಿಗಾಲವನ್ನು ಕಲ್ಲಿನಲ್ಲಿಯೇ ಓದಬಹುದು. 1518ರಲ್ಲಿ ಮಹಮೂದ್ ಶಾಹ್ ತೀರಿದ ಬಳಿಕ ಅಧಿಕಾರವೆಲ್ಲ ಬರೀದರ ಕೈಯಲ್ಲಿತ್ತು. ಸಿಂಹಾಸನದ ಮೇಲೆ ಮಾತ್ರ ಒಬ್ಬರಾದ ಮೇಲೊಬ್ಬರು ಬಹಮನಿ ಹೆಸರಿನವರನ್ನು ಕೂರಿಸಲಾಯಿತು. ಆ ಕೊನೆಯವರ ಸಮಾಧಿಗಳು ಅಲಂಕಾರವಿಲ್ಲದ ಸಣ್ಣ ಕಟ್ಟಡಗಳು. ಹೆಸರು ಉಳಿದಿತ್ತು, ಹೆಸರಿಗೆ ತಕ್ಕ ಕೆಲಸ ಉಳಿದಿರಲಿಲ್ಲ. ಸಂಗೀತದ ಮೇಳಕ್ಕೂ ಈ ಅವಸ್ಥೆ ಬರಬಹುದು.

ಹಾಗಾದರೆ ಬೇಗ ಒಡೆಯುವುದೇ ಲೇಸೆನ್ನಬೇಕೆ? ಹೀಗೆನ್ನುವವರು ಸಾಮಾನ್ಯವಾಗಿ ಇಂಗ್ಲೆಂಡಿನ ಬೀಟಲ್ಸ್ ಮೇಳದ ಉದಾಹರಣೆ ಕೊಡುತ್ತಾರೆ. 1962ರಲ್ಲಿ ಅವರ ಮೊದಲ ತಟ್ಟೆ ಹೊರಬಂತು. 1970ರ ಏಪ್ರಿಲ್‌ನಲ್ಲಿ ಮೇಳ ಮುರಿದ ಸುದ್ದಿ ಬಂತು. ಆಗ ನಾಲ್ವರಲ್ಲಿ ಒಬ್ಬನಿಗೂ ಮೂವತ್ತು ತುಂಬಿರಲಿಲ್ಲ. ಎಂಟೇ ವರ್ಷಗಳಲ್ಲಿ ಕೆಲಸ ಮುಗಿಸಿ ಹೋದ ಜ್ಞಾನಿಗಳಂತೆ ಅವರು ನಮಗೆ ಕಾಣುತ್ತಾರೆ. ವಾಸ್ತವದಲ್ಲಿ ನಡೆದದ್ದು ಹಾಗಲ್ಲ. ವ್ಯವಹಾರವನ್ನು ಯಾರ ಕೈಗೆ ಕೊಡಬೇಕೆಂಬ ಜಗಳ ನ್ಯಾಯಾಲಯದವರೆಗೆ ಹೋಯಿತು. ಒಡಕಿನಿಂದ ಆದ ಅಂತ್ಯವನ್ನು ವಿವೇಕದ ಅಂತ್ಯವೆಂದು ಅಭಿಮಾನಿಗಳು ಆಮೇಲೆ ಓದಿಕೊಂಡರು, ಅಷ್ಟೆ. ಅವರು ನಿಜವಾಗಿ ವಿವೇಕದಿಂದ ನಿಲ್ಲಿಸಿದ್ದು ಬೇರೊಂದನ್ನು. ಕಿರುಚಾಟದಲ್ಲಿ ತಮ್ಮ ವಾದ್ಯ ತಮಗೇ ಕೇಳಿಸದಂತಾದಾಗ, 1966ರ ಆಗಸ್ಟ್‌ನಲ್ಲಿ, ಊರೂರು ತಿರುಗಿ ಕಛೇರಿ ಮಾಡುವುದನ್ನೇ ಬಿಟ್ಟುಬಿಟ್ಟರು. ಅವರ ಪ್ರೌಢ ಕೃತಿಗಳಲ್ಲಿ ಹೆಚ್ಚಿನವು ಆ ನಂತರದವು. ಮೇಳವನ್ನು ಮುರಿಯದೆ, ತಮ್ಮನ್ನು ಹಳಸುತ್ತಿದ್ದ ಒಂದು ಅಭ್ಯಾಸವನ್ನು ಮುರಿದರು. ನಾವು ಕಲಿಯಬೇಕಾದ ಪಾಠವಿರುವುದು ಇಲ್ಲಿ.

ಇದಕ್ಕೆ ಎದುರಾಗಿ ರೋಲಿಂಗ್ ಸ್ಟೋನ್ಸ್ ಮೇಳದವರು ನಿಂತಿದ್ದಾರೆ. ಅವರೂ 1962ರಲ್ಲಿಯೇ ಹೊರಟವರು. ಎಂಬತ್ತರ ವಯಸ್ಸಿನಲ್ಲಿಯೂ ವೇದಿಕೆಯನ್ನು ಬಿಟ್ಟಿಲ್ಲ. ಆದರೆ 2005ರಲ್ಲಿ ತಮ್ಮ ಹೊಸ ಹಾಡುಗಳ ಸಂಪುಟ ತಂದವರು ಅಂಥ ಇನ್ನೊಂದನ್ನು ತಂದದ್ದು 2023ರಲ್ಲಿ. ನಡುವಣ ಹದಿನೆಂಟು ವರ್ಷ ಜನ ಮುಖ್ಯವಾಗಿ ಹಳೆಯ ಹಾಡುಗಳಿಗಾಗಿಯೇ ಹಣ ಕೊಟ್ಟು ನೆರೆದರು. ಇದನ್ನು ನಾನು ಹಳಿಯಲಾರೆ; ಮುಪ್ಪಿನಲ್ಲಿ ಕುಣಿಯುವ ಛಲವೂ ಒಂದು ಸೊಗಸು. ಈ ಇಬ್ಬರ ನಡುವೆ ಅಮೆರಿಕದ ಆರ್.ಇ.ಎಂ. ಎಂಬ ಮೇಳವಿದೆ. 1980ರಲ್ಲಿ ಕೂಡಿದವರು 2011ರಲ್ಲಿ ಜಗಳವಿಲ್ಲದೆ, ಎಲ್ಲರೂ ಒಪ್ಪಿ ವಿದಾಯ ಹೇಳಿದರು. ಎಂಟು ವರ್ಷ, ಮೂವತ್ತೊಂದು ವರ್ಷ, ಅರವತ್ತಕ್ಕೂ ಹೆಚ್ಚು ವರ್ಷ: ಮೇಳದ ಆಯುಸ್ಸನ್ನು ಪಂಚಾಂಗದಿಂದ ನಿರ್ಣಯಿಸಲಾಗದೆಂಬುದಕ್ಕೆ ಇಷ್ಟು ಸಾಕು.

ನಮ್ಮ ದೇಶದ ಸಂಗತಿಯನ್ನೂ ನೋಡೋಣ. ಹೈದರಾಬಾದಿನಲ್ಲಿ ಬೆಳೆದ ತಬಲಾವಾದಕ ಶಂಕರ್, ಗುಜರಾತಿನ ಜೈಕಿಶನ್ ಜತೆಗೂಡಿ 1949ರ 'ಬರ್ಸಾತ್' ಚಿತ್ರದಿಂದ ಹೆಸರಾದರು. 1971ರಲ್ಲಿ ಜೈಕಿಶನ್ ತೀರಿಕೊಂಡರು. ಶಂಕರ್ ಆಮೇಲೂ 1987ರಲ್ಲಿ ತಾವು ತೀರುವವರೆಗೆ ಎರಡು ಹೆಸರುಗಳನ್ನೂ ಕೂಡಿಸಿಯೇ ಬಳಸಿದರು. ಗೆಳೆಯನ ಮೇಲಣ ನಿಷ್ಠೆ ಅದರಲ್ಲಿದೆ. 1975ರ 'ಸನ್ಯಾಸಿ' ಗೆದ್ದಿತು ಕೂಡ. ಆದರೂ ಹಳೆಯ ಸ್ಥಾನ ಮರಳಿ ಬರಲಿಲ್ಲ. ಇನ್ನೊಂದು ಕಡೆ 1990ರಲ್ಲಿ ದೆಹಲಿಯಲ್ಲಿ ಹುಟ್ಟಿದ ಇಂಡಿಯನ್ ಓಶನ್ ಮೇಳವಿದೆ. ಕಟ್ಟಿದ ಇಬ್ಬರಲ್ಲಿ ಅಶೀಮ್ ಚಕ್ರವರ್ತಿ 2009ರಲ್ಲಿ ತೀರಿಕೊಂಡರು. ಸುಸ್ಮಿತ್ ಸೇನ್ 2013ರಲ್ಲಿ ಹೊರನಡೆದರು. ಬಂದ ಹೊಸಬರನ್ನು ಹಳಬರ ಪಡಿಯಚ್ಚುಗಳಾಗಿ ಮಾಡದೆ, ಮೇಳ ಹೊಸ ದನಿಗಳೊಂದಿಗೆ ಮುಂದೆ ಸಾಗಿತು. ಹೋದವರ ಜಾಗವನ್ನು ಹೆಸರಿನಿಂದ ತುಂಬುವುದು ಒಂದು ಬಗೆ, ಹೊಸ ಕೆಲಸದಿಂದ ತುಂಬುವುದು ಇನ್ನೊಂದು.

ಈ ಎರಡನೆಯ ಬಗೆಯನ್ನು ನಮ್ಮ ಹಳ್ಳಿಯವರು ಬಲು ಹಿಂದಿನಿಂದಲೇ ಬಲ್ಲರು. ಔರಾದ, ಭಾಲ್ಕಿ ಕಡೆಯ ಊರುಗಳಲ್ಲಿ ಕನ್ನಡ ಮರಾಠಿಗಳೆರಡೂ ಮನೆಮಾತು. ಅಲ್ಲಿ ನಡೆಯುವ ಹರಿನಾಮ ಸಪ್ತಾಹವನ್ನು ತಮ್ಮಲ್ಲಿ ಅನೇಕರು ಕಂಡಿರಬಹುದು. ಏಳು ದಿನ ಹಗಲೂ ಇರುಳೂ ವೀಣೆಯನ್ನು ಕೆಳಗಿಡುವಂತಿಲ್ಲ. ಆದರೆ ಒಬ್ಬನೇ ಅದನ್ನು ಹಿಡಿದಿರುವಂತೆಯೂ ಇಲ್ಲ. ಪಾಳಿ ಮುಗಿದವನು ಮುಂದಿನವನ ಕೊರಳಿಗೆ ಅದನ್ನು ಹಾಕಿ, ನಮಸ್ಕರಿಸಿ, ಮನೆಗೆ ಹೋಗಿ ಮಲಗುತ್ತಾನೆ. ಕೊನೆಯ ದಿನ ಕಾಲಾ ಕೀರ್ತನೆಯಾದರೆ ಸಪ್ತಾಹ ಮುಗಿಯಿತು. ಎಷ್ಟೇ ರಂಗೇರಿದ್ದರೂ ಅದನ್ನು ಮುಂದಕ್ಕೆ ಎಳೆಯುವುದಿಲ್ಲ. ಮೊಹರಮ್ಮಿನ ಪದಗಾರರೂ ಹಾಗೆಯೇ. ರಿವಾಯತ್ ಹಾಡಿ, ಅಲಾವಿಯ ಸುತ್ತ ಹೆಜ್ಜೆ ಹಾಕಿ, ಹತ್ತನೆಯ ದಿನ ಪೀರಗಳು ಹೊಳೆಗೆ ಹೋಗಿ ಬಂದೊಡನೆ ಮೇಳ ಚದುರುತ್ತದೆ. ಬರುವ ವರ್ಷ ಮತ್ತೆ ಕೂಡುವಾಗ ಯಾರೋ ಒಬ್ಬ ಹೊಸ ಪದ ಕಟ್ಟಿಕೊಂಡು ಬಂದಿರುತ್ತಾನೆ. ಇದೇ ತತ್ವ ಹೆಗ್ಗೋಡಿನ ನೀನಾಸಂ ತಿರುಗಾಟದಲ್ಲಿಯೂ ಇದೆ. 1985ರಲ್ಲಿ ಆರಂಭವಾದ ಆ ತಿರುಗಾಟಕ್ಕೆ ಪ್ರತಿವರ್ಷ ತಂಡ ಹೊಸದಾಗಿ ಕೂಡುತ್ತದೆ, ಹೊಸ ನಾಟಕಗಳನ್ನು ಕಲಿತು ನಾಡೆಲ್ಲ ಸುತ್ತುತ್ತದೆ, ಋತು ಮುಗಿದೊಡನೆ ಚದುರುತ್ತದೆ. ಸಣ್ಣ ಸಣ್ಣ ಮುಕ್ತಾಯಗಳನ್ನು ತನ್ನೊಳಗೇ ಇಟ್ಟುಕೊಂಡ ಮೇಳಕ್ಕೆ ದೊಡ್ಡ ಮುಕ್ತಾಯದ ಭಯವಿರುವುದಿಲ್ಲ.

ಇನ್ನು ಹಳಸುವ ಅಪರಾಧವೆಲ್ಲ ಹಾಡುವವರದೇ ಎನ್ನುವುದು ನ್ಯಾಯವಲ್ಲ. ಹಿಂದೆ ನಾಟಕ ಕಂಪನಿಗಳ ಕಾಲದಲ್ಲಿ "ಒನ್ಸ್ ಮೋರ್" ಎಂಬ ಕೂಗೆದ್ದರೆ ಸತ್ತ ಪಾತ್ರಧಾರಿಯೂ ಎದ್ದು ಹಾಡಬೇಕಾಗುತ್ತಿತ್ತೆಂದು ಹಿರಿಯರು ನಗುತ್ತಿದ್ದರು. ಆ ಕೂಗು ಇಂದಿಗೂ ನಿಂತಿಲ್ಲ. ಮೆಚ್ಚಿದ ಹಾಡನ್ನು ಮತ್ತೆ ಕೇಳುವ ಆಸೆ ಸಹಜ. ಆದರೆ ಅದೊಂದನ್ನೇ ಕೇಳುವ ಹಟ ಹಾಡುಗಾರನನ್ನು ತನ್ನ ಹಾಡಿನ ಗುಮಾಸ್ತನನ್ನಾಗಿ ಮಾಡುತ್ತದೆ. ನಾವೇ ಅವನನ್ನು ಒಂದೇ ಕಡೆ ಕಟ್ಟಿಹಾಕಿ, ಆಮೇಲೆ ಮುಂದೆ ನಡೆಯಲಿಲ್ಲವೆಂದು ಹಂಗಿಸುತ್ತೇವೆ. ಶಿಶುನಾಳ ಶರೀಫರ ಪದವನ್ನು ಗಿಟಾರಿಗೆ ತಂದ ರಘು ದೀಕ್ಷಿತ್ ಪ್ರಾಜೆಕ್ಟ್ ಮೇಳದ ಮೊದಲ ಸಂಪುಟ 2008ರಲ್ಲಿ ಬಂದಾಗ, ಹಳೆಯ ಪದ ಹೊಸ ವಾದ್ಯದಲ್ಲಿ ಕೂಡೀತೇ ಎಂದು ಶಂಕಿಸಿದವರಿದ್ದರು. ಕುಳಿತು ಕೇಳಿದವರಿದ್ದುದರಿಂದಲೇ ಅದು ನಿಂತಿತು.

ಈಗ ಆ ನಾಲ್ವರಿಗೆ ನನ್ನ ಉತ್ತರವನ್ನು ಹೇಳಬೇಕು. ಮೇಳ ಅವರ ಪಾಲಿಗೆ ಬರಿಯ ಕಲೆಯಲ್ಲ. ಇಬ್ಬರ ಮನೆಯ ಖರ್ಚಿಗೆ ಅದರಿಂದ ಬರುವ ಹಣ ಬೇಕು. ತುಂಬಿದ ಖಜಾನೆಯ ಮೇಲೆ ಕುಳಿತ ವಿಲಾಯತಿ ಮೇಳಕ್ಕೆ "ಕೀರ್ತಿಯಿರುವಾಗಲೇ ಬಿಡು" ಎನ್ನುವುದು ಸುಲಭ. ಮುಂದಿನ ತಿಂಗಳ ಬಾಡಿಗೆ ಕಟ್ಟಬೇಕಾದವನಿಗೆ ಹಾಗೆನ್ನಲು ನನಗೆ ನಾಲಿಗೆ ಏಳುವುದಿಲ್ಲ. ಆದ್ದರಿಂದ ನನ್ನ ಸಲಹೆ ಇಷ್ಟು. ಔರಾದಿನ ಗೆಳೆಯನನ್ನು, ವೀಣೆ ಇಳಿಸಿಕೊಟ್ಟವನನ್ನು ಕಳುಹಿಸುವಂತೆ, ಗೌರವದಿಂದ ಕಳುಹಿಸಿಕೊಡಿ. ಅವನ ಜಾಗಕ್ಕೆ ಬರುವವನು ಅವನಂತೆ ಬಾರಿಸಬೇಕೆಂದು ಬಯಸಬೇಡಿ. ಮದುವೆ, ಹಬ್ಬಗಳಲ್ಲಿ ಜನ ಕೇಳಿದ್ದನ್ನು ಹಾಡಿ; ಅದು ಅನ್ನ, ಅದರಲ್ಲಿ ನಾಚಿಕೆಯಿಲ್ಲ. ಆದರೆ ವರ್ಷದಲ್ಲಿ ಕೆಲವು ಸಂಜೆಗಳನ್ನು ಗೊತ್ತುಮಾಡಿಕೊಂಡು, ಆ ಸಂಜೆ ಆ ಮೂರು ಹಾಡುಗಳನ್ನು ಮುಟ್ಟದೆ, ಸೋಲಬಹುದಾದ ಹಾಡುಗಳನ್ನೇ ಹಾಡಿ. ಒಂದು ವರ್ಷದ ನಂತರ ನಾಲ್ವರೂ ಕುಳಿತು ಕೇಳಿಕೊಳ್ಳಿ: ಸೋಲುವ ಧೈರ್ಯದಿಂದ ಹಾಡಿದ ಒಂದಾದರೂ ಹೊಸ ಪದ ನಮ್ಮಲ್ಲಿದೆಯೆ? ಇದ್ದರೆ ಹೆಸರು ಉಳಿಯಲಿ. ಇಲ್ಲದಿದ್ದರೆ ಹೆಸರನ್ನು ಮುಚ್ಚಿ, ಹಾಡುವುದನ್ನು ಮುಚ್ಚಬೇಡಿ. ಹೆಸರಿನ ಸಲುವಾಗಿ ಸ್ನೇಹವನ್ನಂತೂ ಕೆಡಿಸಿಕೊಳ್ಳಬೇಡಿ. ಬೀಟಲ್ಸರ ನಾಲ್ವರು ಮತ್ತೆಂದೂ ಒಂದೇ ವೇದಿಕೆಯ ಮೇಲೆ ಒಟ್ಟಾಗಿ ನಿಲ್ಲಲಿಲ್ಲ. 1980ರ ಡಿಸೆಂಬರಿನಲ್ಲಿ ಲೆನನ್ ಕೊಲೆಯಾದ ಮೇಲೆ ನಿಲ್ಲುವ ಮಾತೂ ಉಳಿಯಲಿಲ್ಲ.

ಕೇಳುವವರಾದ ನಮಗೂ ಒಂದು ಮಾತು ಉಳಿದಿದೆ. ಬರುವ ಹಬ್ಬದಲ್ಲೋ ಜಾತ್ರೆಯಲ್ಲೋ ನಮ್ಮ ಕಡೆಯ ಯಾವುದಾದರೊಂದು ಮೇಳ ವೇದಿಕೆಗೆ ಬಂದು, "ಇದೊಂದು ಹೊಸ ಹಾಡು" ಎಂದು ಅಂಜುತ್ತ ಹೇಳಿದಾಗ, ದಯಮಾಡಿ ಚಹಾಕ್ಕೆ ಏಳಬೇಡಿ. ಆ ಹಾಡು ಚೆನ್ನಾಗಿಲ್ಲದಿರಬಹುದು. ಮುಗಿಯುವವರೆಗೆ ಕುಳಿತಿರಿ. ಚಹಾ ಆಮೇಲೂ ಸಿಗುತ್ತದೆ.